ಬೆಂಗಳೂರು ಎಫ್‌ಸಿ (ಬಿಎಫ್‌ಸಿ) 2025-26 ಸೀಸನ್: ಯಾರು ಉಳೀಬೇಕು, ಯಾರು ಹೋಗಬೇಕು, ಯಾರನ್ನ ತರಬೇಕು?

ವೆಸ್ಟ್‌ಬ್ಲಾಕ್_ವಾಸಿ

2025ರ ಏಪ್ರಿಲ್ 12ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಬಗ್ಗೆ ಅಳೋದು ಸಾಕು ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ 49ನೇ ನಿಮಿಷಕ್ಕೆ ಮೋಹನ್ ಬಾಗಾನ್‌ನವರದ್ದೇ ಸೆಲ್ಫ್ ಗೋಲಿಂದ ಮುಂದೆ ಹೋದ್ವಿ, 72ಕ್ಕೆ ಪೆನಾಲ್ಟಿ ಕೊಟ್ವಿ, ಎಕ್ಸ್‌ಟ್ರಾ ಟೈಮ್ ಶುರುವಾಗ್ತಿದ್ದ ಹಾಗೇ ಮೆಕ್ಲಾರೆನ್ ಹೊಡೆದ. 2-1 ಸೋತ್ವಿ. ಮುಗೀತು. ರೆಫ್ರಿ ಬೈಯೋರು ಬೇರೆ ಕಡೆ ಬೈಕೊಳ್ಳಿ, ಇಲ್ಲಿ ಟೀಮ್ ಬಗ್ಗೆ ಮಾತಾಡೋಣ.

ನನ್ನ ತಕರಾರು ಒಂದೇ. ನಾವು ಪ್ರತಿ ವರ್ಷ ಆ ಒಂದು ವರ್ಷಕ್ಕೆ ಅಂತಲೇ ಟೀಮ್ ಕಟ್ತೀವಿ. ಈ ಸೀಸನ್ನಿನ ಆರು ಜನ ವಿದೇಶಿಯರನ್ನ ನೋಡಿ: ಯೋವಾನೊವಿಚ್, ಕಾಪೊ, ನೊಗುವೆರಾ, ಮೆಂಡೆಸ್, ಪೆರೇರಾ ಡಿಯಾಸ್, ವಿಲಿಯಮ್ಸ್. ವಿಲಿಯಮ್ಸ್ ಒಬ್ಬನನ್ನ ಬಿಟ್ರೆ ಉಳಿದ ಐದೂ ಜನ ಮೂವತ್ನಾಲ್ಕು ಮುಟ್ಟಿದವರು ಇಲ್ಲಾ ದಾಟಿದವರು. ಸೆಪ್ಟೆಂಬರ್‌ನಲ್ಲಿ ಇದೇ ಮೋಹನ್ ಬಾಗಾನ್‌ಗೆ ಕಂಠೀರವದಲ್ಲಿ 3-0 ಬಡಿದವರು ಜನವರಿಯಲ್ಲಿ ಅದೇ ಕಂಠೀರವದಲ್ಲಿ ಟೇಬಲ್‌ನ ತಳದಲ್ಲಿದ್ದ ಮೊಹಮ್ಮಡನ್‌ಗೆ 1-0 ಸೋತರು. ಅದು ಬರೀ ಗ್ರಹಚಾರ ಅಂತ ನಾನು ಒಪ್ಪಲ್ಲ. ಕಾಲು ಸೋತಿತ್ತು.

ನನ್ನ ಪ್ಲಾನ್: ವಿಲಿಯಮ್ಸ್ ಉಳೀಲಿ, ಮೆಂಡೆಸ್ ಇನ್ನೊಂದು ವರ್ಷ ಇರಲಿ, ಉಳಿದ ನಾಲ್ಕು ಜಾಗ ಖಾಲಿ ಮಾಡಿ. ಬರೋ ನಾಲ್ವರೂ ಮೂವತ್ತರ ಒಳಗಿನವರಾಗಿರಬೇಕು. ಒಬ್ಬ ಸ್ಟಾಪರ್ (ಮಧ್ಯದ ಡಿಫೆಂಡರ್), ಇಬ್ಬರು ಮಿಡ್‌ಫೀಲ್ಡರ್, ಒಬ್ಬ ವಿಂಗರ್. ಫಾರಿನ್ ಸ್ಟ್ರೈಕರ್ ಬೇಡ. ಹೌದು, ಬೇಡ ಅಂದೆ. ಬೈಯೋಕೆ ಶುರು ಮಾಡಿ.

ಆಸ್ಟಿನ್‌ಟೌನ್_ಲೆಫ್ಟಿ

ಗುರು, 2023ನ್ನ ಇಷ್ಟು ಬೇಗ ಮರೆತ್ಯಾ? ಆಗಲೂ ಫೈನಲ್ ಆಡಿ ಪೆನಾಲ್ಟಿಯಲ್ಲಿ ಸೋತಿದ್ವಿ, ಇದೇ ಬಾಗಾನ್‌ಗೆ, ಗೋವಾದಲ್ಲಿ. ಆಮೇಲೇನಾಯ್ತು? ರಾಯ್ ಕೃಷ್ಣ ಒಡಿಶಾಗೆ ಹೋದ, ಝಿಂಗನ್ ಗೋವಾಗೆ ಹೋದ, ಉದಾಂತ ಅವನ ಹಿಂದೆನೇ ಹೋದ, ಪ್ರಬೀರ್ ದಾಸ್ ಹೋಗಿ ಹೋಗಿ ಕೇರಳ ಬ್ಲಾಸ್ಟರ್ಸ್ ಸೇರಿದ. ಎಲ್ಲರೂ "ಹೊಸ ಟೀಮ್, ಹೊಸ ರಕ್ತ" ಅಂತ ಕುಣಿದ್ರು. ಡಿಸೆಂಬರ್‌ಗೆ ಕೋಚ್ ಗ್ರೇಸನ್ ಕೆಲಸ ಹೋಯ್ತು, ಸೀಸನ್ ಮುಗಿಯೋ ಹೊತ್ತಿಗೆ ಹನ್ನೆರಡು ಟೀಮಲ್ಲಿ ಹತ್ತನೇ ಜಾಗ.

ಫೈನಲ್ ಆಡಿದ ಟೀಮನ್ನ ಒಡೆದು ಹಾಕೋದು ನಮ್ಮ ಕ್ಲಬ್ಬಿಗೆ ಚಟ ಆಗಬಾರದು. ನಾಲ್ಕು ಜನರನ್ನ ಒಟ್ಟಿಗೆ ಕಳಿಸೋದು ಅಂದ್ರೆ ಒಂದು ಸಲಕ್ಕೆ ಮೈದಾನದಲ್ಲಿರೋ ನಾಲ್ಕೂ ವಿದೇಶಿಯರನ್ನ ಬದಲಾಯಿಸಿದ ಹಾಗೆ. ಇಬ್ಬರನ್ನ ಬದಲಾಯಿಸು ಅನ್ನು, ಒಪ್ತೀನಿ.

ಹುಬ್ಬಳ್ಳಿ_ಹಾಫ್‌ಬ್ಯಾಕ್

ಲೆಫ್ಟಿ ಅಣ್ಣಾರ, 2023ರಾಗ ಹೋದವರದ್ದು ತಪ್ಪಲ್ರೀ, ಬಂದವರದ್ದು ತಪ್ಪು. ರಾಯ್ ಕೃಷ್ಣನ ಜಾಗಾಕ್ಕ ಯಾರನ್ನ ತಂದ್ರು ನೆನಪೈತೇನ್ರಿ? ಕರ್ಟಿಸ್ ಮೇನ್. ಮುಂದ ನಾ ಏನೂ ಹೇಳೂದಿಲ್ಲ.

ವಾಸಿ ಅವರು ಫಾರಿನ್ ಸ್ಟ್ರೈಕರ್ ಬ್ಯಾಡ ಅಂದದ್ದು ನನಗ ಬರೋಬರಿ ಅನಸ್ತೈತಿ. ನಮ್ಮ ಲೀಗಿನಾಗ ಎಲ್ಲಾ ಕ್ಲಬ್ಬೂ ಒಂಬತ್ತನೇ ನಂಬರ್ ಅಂಗಿ ಫಾರಿನ್ ಆಟಗಾರಗ ಕೊಡತಾವ. ಭಾರತದ ಹುಡುಗ ಒಬ್ಬ ಸ್ಟ್ರೈಕರ್ ಆಗಿ ಬೆಳದ್ರೂ ಇಪ್ಪತ್ತಕ್ಕ ಅವನ್ನ ವಿಂಗಿಗೆ ದೂಡತಾರ, ಇಲ್ಲಾ ಬೆಂಚಿನ ಮ್ಯಾಲ ಕುಂಡರಸ್ತಾರ. ಅದರ ಫಲ ಏನಾತು? ಮಾರ್ಚಿನ್ಯಾಗ ರಾಷ್ಟ್ರೀಯ ತಂಡಕ್ಕ ಗೋಲ್ ಹೊಡಿಯಾಕ ಯಾರೂ ಇಲ್ಲಂತ, ಆ ತಂಡದಿಂದ ರಿಟೈರ್ ಆದ ನಲವತ್ತು ವರ್ಷದ ನಮ್ಮ ಸುನಿಲ್ ಚೆಟ್ರಿನ್ನ ತಿರಗಿ ಕರದ್ರು. ಅಂವ ಶಿಲ್ಲಾಂಗಿಗೆ ಬಂದು ಮಾಲ್ಡೀವ್ಸ್ ಮ್ಯಾಲ ಹೆಡರ್ ಹೊಡದು ಹೋದ! ನಮಗ ಖುಷಿ ಆತು, ಖರೆ. ಆದ್ರ ನಾಚಿಗೀನೂ ಆಗಬೇಕಾಗಿತ್ತು.

ಸ್ಟ್ರೈಕರ್ ಹುಡುಗ ಶಿವಶಕ್ತಿ ನಮ್ಮ ಕೈಯಾಗ ಅದಾನ. ಅವಂಗ ಒಂದ್ ಹತ್ತು ಮ್ಯಾಚ್ ಸತತ ಕೊಡ್ರಿ. ಗೋಲ್ ಹೊಡೀಲಿ, ಹೊಡೀದಿರ್ಲಿ, ತಗೀಬ್ಯಾಡ್ರಿ.

ಕುಡ್ಲ_ಕೀಪರ್

ಎಂತ ಮಾರಾಯ್ರೆ, ಹತ್ತು ಮ್ಯಾಚ್ ಗೋಲಿಲ್ಲದೆ ಆಡಿದ್ರೆ ಮೊದಲು ಕೂಗುವವರು ನೀವೇ ಅಲ್ವಾ? ನನಗೆ ಗೊತ್ತುಂಟು.

ಶಿವಶಕ್ತಿಯ ವಿಷಯದಲ್ಲಿ ಒಂದು ಮಾತು. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ಮೇಲೆ ಮೊದಲ ಗೋಲು ಅವನದ್ದು. ಆ ಸೀಸನ್ ಪೂರ್ತಿ ಚಂದ ಆಡಿದ. ಐಎಸ್‌ಎಲ್ ಫೈನಲ್‌ನಲ್ಲಿ ಚೆಟ್ರಿಯನ್ನು ಬೆಂಚಲ್ಲಿ ಕೂರಿಸಿ ಇವನನ್ನು ಇಳಿಸಿದ್ರು ಅಂದ್ರೆ ನೋಡಿ. ಆಟ ಶುರುವಾಗಿ ಐದು ನಿಮಿಷ ಆಗಿಲ್ಲ, ಪೆಟ್ಟಾಗಿ ಹೊರಗೆ ಬಂದ. ಚೆಟ್ರಿ ಒಳಗೆ ಹೋದ. ಅಲ್ಲಿಂದ ಆ ಹುಡುಗನ ಗ್ರಾಫ್ ಮೇಲೆ ಹೋಗಲೇ ಇಲ್ಲ. ಅವನ ತಪ್ಪಂತ ನಾನು ಹೇಳುದಿಲ್ಲ, ಆದರೆ ಒಂದು ಇಡೀ ಸೀಸನ್ನನ್ನು ಅವನ ಮೊಣಕಾಲಿನ ಮೇಲೆ ಕಟ್ಟಲಿಕ್ಕೆ ಆಗ್ತದಾ?

ಮತ್ತೆ, ಗೋಲ್‌ಕೀಪರ್ ಬಗ್ಗೆ ಯಾರೂ ಯಾಕೆ ಮಾತಾಡುದಿಲ್ಲ? ಗುರ್‌ಪ್ರೀತ್ 2017ರಿಂದ ಇದ್ದಾನೆ. 33 ವರ್ಷ. ಕೀಪರ್‌ಗೆ ಅದು ದೊಡ್ಡ ವಯಸ್ಸಲ್ಲ, ಆದರೆ ಅವನಿಗೆ ಸ್ಪರ್ಧೆಯೇ ಇಲ್ಲ. ಚೆಂಡು ಕಾಲಿಗೆ ಬಂದಾಗ ಅವನು ಒಂದು ಕ್ಷಣ ಜಾಸ್ತಿ ಯೋಚನೆ ಮಾಡ್ತಾನೆ, ಗಮನಿಸಿ ನೋಡಿ. ಕೋಚ್ ಸರಗೋಸಾ ಹಿಂದಿನಿಂದ ಪಾಸ್ ಕಟ್ಟಿಕೊಂಡು ಬನ್ನಿ ಅಂತಾನೆ, ಇವನು ಎಡಗಡೆ ನೋಡ್ತಾನೆ, ಬಲಗಡೆ ನೋಡ್ತಾನೆ, ಕೊನೆಗೆ ಉದ್ದಕ್ಕೆ ಒದೀತಾನೆ. ಶಾಟ್ ತಡೆಯುದರಲ್ಲಿ ಈಗಲೂ ರಾಜ. ನಾನೂ ಒಂದು ಕಾಲದಲ್ಲಿ ಗ್ಲೌಸ್ ಹಾಕಿದವನು, ಅವನ ಮೇಲೆ ನನಗೆ ದ್ವೇಷ ಇಲ್ಲ.

ನಂಬರ್_ಹನ್ನೊಂದು

ಯಾರ್ ಬೇಕಾದ್ರೂ ಹೋಗ್ಲಿ, ಬಾಸ್ ಚೆಟ್ರಿ ಉಳೀಬೇಕು ಅಷ್ಟೇ. ಇದರ ಬಗ್ಗೆ ಚರ್ಚೆನೇ ಬೇಡ.

ವೆಸ್ಟ್‌ಬ್ಲಾಕ್_ವಾಸಿ

ಮಗಾ, ಬಾಸ್ ಹೋಗ್ಲಿ ಅಂತ ಯಾರಾದ್ರೂ ಅಂದ್ರಾ? ಅವರು ಬೇಕು ಅಂದಷ್ಟು ದಿನ ಇರಲಿ. ಪ್ರಶ್ನೆ ಇರೋದು ಅವರು ಮೈದಾನದಲ್ಲಿ ಎಷ್ಟು ಹೊತ್ತು ಅನ್ನೋದು.

ಲೆಕ್ಕದ_ಮೇಷ್ಟ್ರು

ಎಲ್ಲರ ಮಾತನ್ನೂ ಓದಿದೆ. ಚೆಟ್ರಿ ಅವರ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸುತ್ತದೆ, ಏಕೆಂದರೆ ಉಳಿದ ಎಲ್ಲ ಆಯ್ಕೆಗಳೂ ಅದರ ಮೇಲೆ ನಿಂತಿವೆ.

ಈ ಸೀಸನ್ನಿನಲ್ಲಿ ಅವರದು 14 ಗೋಲು. ಭಾರತೀಯರ ಪೈಕಿ ಅವರ ಹತ್ತಿರ ಸುಳಿದವರೂ ಇಲ್ಲ. ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್, ಲೀಗಿನ ಇತಿಹಾಸದಲ್ಲೇ ಅತಿ ಹಿರಿಯ ವಯಸ್ಸಿನ ಹ್ಯಾಟ್ರಿಕ್. ಈ ಅಂಕಿಗಳನ್ನು ನೋಡಿ "ಇನ್ನೂ ಎರಡು ವರ್ಷ ಆಡಲಿ" ಅನ್ನುವುದು ಸುಲಭ. ನಾನು ನೋಡುವುದು ಅವರು ಯಾವಾಗ ಗೋಲು ಹೊಡೆದರು, ಹೇಗೆ ಹೊಡೆದರು ಅನ್ನುವುದನ್ನು.

ಎಫ್‌ಸಿ ಗೋವಾ ವಿರುದ್ಧ ಸೆಮಿಫೈನಲ್ ಎರಡನೇ ಲೆಗ್, ಗೋವಾದ ಫಾತೋರ್ಡಾ, ಏಪ್ರಿಲ್ 6. ಇಲ್ಲಿ 2-0 ಗೆದ್ದು ಹೋಗಿದ್ದೆವು. ಅಲ್ಲಿ ಬೋರ್ಹಾ ಒಂದು ಹೊಡೆದ, 88ಕ್ಕೆ ಸಾದಿಕು ಇನ್ನೊಂದು. ಒಟ್ಟು 2-2. ಇಡೀ ಸ್ಟೇಡಿಯಂ ಎದ್ದು ನಿಂತಿದೆ, ನಮ್ಮವರ ಭುಜ ಇಳಿದಿದೆ. 92ನೇ ನಿಮಿಷದಲ್ಲಿ ನಾಮ್‌ಗ್ಯಾಲ್ ಭುಟಿಯಾ ಬಲಗಡೆಯಿಂದ ಕ್ರಾಸ್ ಹಾಕಿದಾಗ ಚೆಟ್ರಿ ಬಾಕ್ಸಿನೊಳಗೆ ಓಡಿದ ದಾರಿಯನ್ನು ಇನ್ನೊಮ್ಮೆ ನೋಡಿ. ಡಿಫೆಂಡರ್ ಚೆಂಡನ್ನು ನೋಡುತ್ತಿದ್ದಾನೆ, ಇವರು ಡಿಫೆಂಡರ್‌ನನ್ನು ನೋಡುತ್ತಿದ್ದಾರೆ. ಅವನ ಕತ್ತು ಚೆಂಡಿನ ಕಡೆ ತಿರುಗಿದ ಕೂಡಲೇ ಇವರು ಅವನ ಮುಂದೆ ನುಗ್ಗಿದರು. ಆಮೇಲಿನ ಹೆಡರ್ ಬರೀ ಔಪಚಾರಿಕ. ಆ ಗೋಲಿಗೆ ವೇಗವೂ ಬೇಕಿರಲಿಲ್ಲ, ಎತ್ತರವೂ ಬೇಕಿರಲಿಲ್ಲ. ಇಪ್ಪತ್ತು ವರ್ಷದ ಅನುಭವ ಸಾಕಾಯಿತು.

ಇಂಥ ಆಟಗಾರನನ್ನು ಕೊನೆಯ ಅರ್ಧ ಗಂಟೆಗೆ ಇಳಿಸಿದರೆ, ದಣಿದ ಡಿಫೆಂಡರ್‌ಗಳ ಎದುರು ಆ ಬುದ್ಧಿ ಎರಡು ಪಟ್ಟು ಕೆಲಸ ಮಾಡುತ್ತದೆ. ಅದೇ ಆಟಗಾರನನ್ನು ಮೊದಲ ನಿಮಿಷದಿಂದ ಪ್ರೆಸ್ ಮಾಡಲು, ಅಂದರೆ ಚೆಂಡು ಇರುವ ಎದುರಾಳಿಯ ಮೇಲೆ ಓಡಿ ಒತ್ತಡ ಹಾಕಲು ಹಚ್ಚಿದರೆ, ಅವರ ಪಾಲಿನ ಓಟವನ್ನು ಬೇರೆ ಯಾರೋ ಓಡಬೇಕು. ಈಗ ಅದನ್ನು ಓಡುತ್ತಿರುವವರು ಮಿಡ್‌ಫೀಲ್ಡರ್ ಸುರೇಶ್ ಮತ್ತು ವಿಲಿಯಮ್ಸ್. ಫೆಬ್ರವರಿ ಹೊತ್ತಿಗೆ ಅವರಿಬ್ಬರ ಮುಖ ನೋಡಿದ್ದೀರಲ್ಲ.

ಹಾಗಾಗಿ ನನ್ನ ಲೆಕ್ಕ: ಚೆಟ್ರಿ ಬೆಂಚಿನಿಂದ ಬರಬೇಕು, ಪ್ರತಿ ಪಂದ್ಯದಲ್ಲೂ ಬರಬೇಕು. ಮೊದಲ ಅರವತ್ತು ನಿಮಿಷಕ್ಕೆ ಓಡಬಲ್ಲ ಸ್ಟ್ರೈಕರ್ ಬೇಕು. ಅವನು ಭಾರತೀಯನಾದರೆ ಒಳ್ಳೆಯದು, ಇಲ್ಲವಾದರೆ ವಿದೇಶಿ. ವಾಸಿ ಅವರ "ಫಾರಿನ್ ಸ್ಟ್ರೈಕರ್ ಬೇಡವೇ ಬೇಡ" ಅನ್ನುವ ಹಟಕ್ಕೆ ನನ್ನ ಸಮ್ಮತಿ ಇಲ್ಲ.

ನಂಬರ್_ಹನ್ನೊಂದು

ಮೇಷ್ಟ್ರೇ ನೀವು ಹೇಳಿದ್ರೆ ಕೇಳ್ತೀನಿ, ಆದ್ರೆ 14 ಗೋಲ್ ಹೊಡೆದೋರನ್ನ ಬೆಂಚಲ್ಲಿ ಕೂರ್ಸು ಅಂತ ಕೋಚ್‌ಗೆ ಯಾರ್ ಹೇಳ್ತಾರೆ? ಕಂಠೀರವದಲ್ಲಿ ಅರ್ಧ ಜನ ಬರೋದೇ ಅವರನ್ನ ನೋಡೋಕೆ.

ಲೆಕ್ಕದ_ಮೇಷ್ಟ್ರು

ಸೀಸನ್ನಿನ ಶುರುವಿನಲ್ಲಿ ಸರಗೋಸಾ ಅದನ್ನೇ ಮಾಡಿದ್ದರು, ಕೆಲವು ಪಂದ್ಯಗಳಲ್ಲಿ ದ್ವಿತೀಯಾರ್ಧಕ್ಕೆ ಇಳಿಸುತ್ತಿದ್ದರು. ಕೋಚ್‌ಗೆ ಧೈರ್ಯ ಇದೆ. 2018-19ರಲ್ಲಿ ಕಪ್ ಗೆದ್ದಾಗ ಆಗಿನ ಕೋಚ್ ಕ್ವಾದ್ರಾತ್ ಪಕ್ಕದಲ್ಲಿ ಸಹಾಯಕರಾಗಿ ಇದ್ದವರು ಅವರೇ ಅಲ್ಲವೇ? ಈ ಕ್ಲಬ್ಬಿನಲ್ಲಿ ಚೆಟ್ರಿ ಅಂದರೆ ಏನು ಅನ್ನುವುದು ಅವರಿಗೆ ಹೊಸದಲ್ಲ.

ಆಸ್ಟಿನ್‌ಟೌನ್_ಲೆಫ್ಟಿ

ಮೇಷ್ಟ್ರು ಬರೆದದ್ದಕ್ಕೆ ಎರಡು ಮಾತಿಲ್ಲ. ನಾನು ಬೇರೆ ಹುಣ್ಣು ಕೆರೀತೀನಿ.

ಹೊಸ ಹುಡುಗರು, ಹೊಸ ಹುಡುಗರು ಅಂತೀರಲ್ಲ, ನಮ್ಮೂರ ಹುಡುಗರು ಎಲ್ಲಿ? 2023ರ ಮಾರ್ಚ್ 4, ರಿಯಾದ್. ಕರ್ನಾಟಕ ಮೇಘಾಲಯವನ್ನ 3-2 ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆಲ್ತು. 54 ವರ್ಷದ ಮೇಲೆ! ಹಿಂದೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಅದರ ಹಿಂದಿನ ದಿನ ತಾನೇ ಕಂಠೀರವದಲ್ಲಿ ಚೆಟ್ರಿ ಆ ಫ್ರೀಕಿಕ್ ಗೋಲ್ ಹೊಡೆದು, ಅದನ್ನ ಒಪ್ಪದ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋಗಿದ್ದು, ಇಡೀ ಊರು ಅದನ್ನೇ ಮಾತಾಡ್ತಿತ್ತು. ಸಂತೋಷ್ ಟ್ರೋಫಿ ಗೆದ್ದ ಹನ್ನೊಂದು ಜನರಲ್ಲಿ ಮೂರು ಹೆಸರು ಹೇಳಿ ನೋಡೋಣ, ಯಾರಾದ್ರೂ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತಕ್ಕೆ ಗೋಲ್ ಹೊಡೆದ ರಾಮನ್ ನಮ್ಮ ಬೆಂಗಳೂರಿನವರು. ಆಗಿನ ಒಲಿಂಪಿಕ್ ಟೀಮುಗಳಲ್ಲಿ ನಮ್ಮ ಕಂಟೋನ್ಮೆಂಟ್ ಗಲ್ಲಿಯ ಹುಡುಗರು ಇರ್ತಿದ್ರು. ಈಗ ಆಸ್ಟಿನ್ ಟೌನ್, ಗೌತಮಪುರ ಕಡೆ ಸಂಜೆ ಬಂದು ನೋಡಿ, ಮಕ್ಕಳು ಇನ್ನೂ ಆಡ್ತಾರೆ. ಪೀಲೆ ಪ್ರತಿಮೆ ಇಟ್ಕೊಂಡಿರೋ ಏರಿಯಾ ಅದು. ಅಲ್ಲಿಂದ ಕಂಠೀರವಕ್ಕೆ ಆಟೋದಲ್ಲಿ ಹೋಗೋಷ್ಟು ದೂರ, ಆದ್ರೆ ಒಬ್ಬ ಹುಡುಗ ಆ ದೂರ ದಾಟೋಕೆ ಒಂದು ತಲೆಮಾರು ಬೇಕಾಗಿದೆ.

ಕುಡ್ಲ_ಕೀಪರ್

ವಿನೀತ್ ವೆಂಕಟೇಶ್ ಇದ್ದಾನಲ್ಲ ಲೆಫ್ಟಿ. ಸೀಸನ್ನಿನ ಮೊದಲ ಮ್ಯಾಚ್, ಈಸ್ಟ್ ಬೆಂಗಾಲ್ ಮೇಲೆ 1-0, ಗೋಲು ಅವನದ್ದೇ. ಹತ್ತೊಂಬತ್ತರ ಹುಡುಗ. (ನಿಖಿಲ್ ಪೂಜಾರಿ ಬಂದಾಗ ಹೆಸರು ಕೇಳಿಯೇ ನಮ್ಮ ಕಡೆಯವರು ಅರ್ಧ ಜನ ಬಿಎಫ್‌ಸಿ ಫ್ಯಾನ್ ಆದದ್ದು, ಅದು ಬೇರೆ ಕತೆ.)

ಆಸ್ಟಿನ್‌ಟೌನ್_ಲೆಫ್ಟಿ

ವಿನೀತ್ ಚಿನ್ನ. ಅದಕ್ಕೇ ಕೇಳ್ತಿರೋದು, ಆ ಗೋಲಿನ ಆಮೇಲೆ ಅವನು ಎಷ್ಟು ಮ್ಯಾಚ್ ಪೂರ್ತಿ ಆಡಿದ? ದೊಡ್ಡ ಮ್ಯಾಚ್ ಬಂದ ಕೂಡಲೇ ನೊಗುವೆರಾ ಒಳಗೆ, ವಿನೀತ್ ಹೊರಗೆ. ನೊಗುವೆರಾ ಕಾಲಿನ ಕೆಲಸ ನನಗೂ ಇಷ್ಟ, ಚೆಂಡು ಅವನ ಕಾಲಿಗೆ ಅಂಟಿಕೊಂಡೇ ಇರುತ್ತೆ. ಆದ್ರೆ ಮೂವತ್ತೈದರ ಆಟಗಾರನ ಹಿಂದೆ ಹತ್ತೊಂಬತ್ತರ ಹುಡುಗ ಕಾಯ್ತಾ ಕೂತ್ರೆ, ಅವನಿಗೆ ಇಪ್ಪತ್ಮೂರು ಆದಾಗ ಯಾರೋ ಕೋಲ್ಕತ್ತಾದವರು ಬಂದು ಎತ್ಕೊಂಡು ಹೋಗ್ತಾರೆ. ಆಶಿಕ್ ಬಾಗಾನ್‌ಗೆ ಹೋದ ಹಾಗೆ.

ಹುಬ್ಬಳ್ಳಿ_ಹಾಫ್‌ಬ್ಯಾಕ್

ಆಶಿಕ್ ಹೆಸರು ತಗೊಂಡ್ರಲ್ಲ, ಅವನ್ನ ತಿರಗಿ ಕರಕೊಂಡು ಬರ್ರಿ ಮೊದಲ. ಎಡಗಡೆ ನಮಗ ಯಾರದಾರ? ರೋಷನ್ ಒಬ್ಬನ. ಅಂವ ಬಲಗಾಲಿನ ಹುಡುಗ, ಎಡಗಡೆ ಬ್ಯಾಕ್ ಆಡತಾನ, ಕಾರ್ನರ್ ಅವನ, ಫ್ರೀಕಿಕ್ ಅವನ. ಅವಂಗ ಗಾಯ ಆತಂದ್ರ ಕತಿ ಮುಗೀತು. ಆಶಿಕ್ ವಿಂಗಿನ್ಯಾಗೂ ಆಡತಾನ, ಬ್ಯಾಕಿನ್ಯಾಗೂ ಆಡತಾನ. ಬಾಗಾನ್‌ದಾಗ ಲಿಸ್ಟನ್ ಮುಂದ ಅವಂಗ ಜಾಗಾ ಸಿಗವಲ್ದು. ಬಾ ಅಂದ್ರ ಬರಬಹುದು.

ಇನ್ನೊಂದು ಮಾತು. ಬಾಗಾನ್ 56 ಪಾಯಿಂಟ್ ಮಾಡಿ ಲೀಗ್ ಟಾಪ್ ಆದವರಿಗೆ ಕೊಡೂ ಶೀಲ್ಡ್ ಗೆದ್ರು, ಕಪ್ಪೂ ಗೆದ್ರು. ಎಲ್ಲಾರೂ ಮೆಕ್ಲಾರೆನ್, ಕಮಿಂಗ್ಸ್ ಅಂತಾರ. ನಾ ನೋಡೂದು ವಿಶಾಲ್ ಕೈತ್, ಸುಭಾಶಿಷ್, ಅಪುಯಾ, ಥಾಪಾ, ಲಿಸ್ಟನ್, ಮನ್‌ವೀರ್. ಮೈದಾನದಾಗ ನಾಕು ಮಂದಿ ಫಾರಿನರ್ಸ್ ಎಲ್ಲಾರಿಗೂ ಇರತಾರ್ರೀ. ಮ್ಯಾಚ್ ಗೆಲ್ಲಸೂದು ಉಳದ ಏಳು ಮಂದಿ. ನಮ್ಮ ಏಳು ಮಂದಿಯೊಳಗ ಭೇಕೆ ಮೂವತ್ನಾಕು, ಚೆಟ್ರಿ ನಲವತ್ತು, ಗುರ್‌ಪ್ರೀತ್ ಮೂವತ್ಮೂರು. ರೊಕ್ಕ ಅಲ್ಲಿ ಹಾಕ್ರಿ.

ವೆಸ್ಟ್‌ಬ್ಲಾಕ್_ವಾಸಿ

ಹಾಫ್‌ಬ್ಯಾಕ್ ಸಾರ್, ಇದೇ ನಾನು ಮೊದಲು ಬರೀಬೇಕಿದ್ದ ಮಾತು. ಆದ್ರೆ ಒಳ್ಳೆ ಭಾರತೀಯ ಆಟಗಾರರ ರೇಟ್ ಗೊತ್ತಲ್ಲ ನಿಮಗೆ? ಇರೋದೇ ಕೆಲವರು, ಎಲ್ಲಾ ಕ್ಲಬ್ಬೂ ಅವರ ಹಿಂದೆನೇ. ಅಷ್ಟು ದುಡ್ಡಿಗೆ ಸ್ಪೇನ್ ಸೆಕೆಂಡ್ ಡಿವಿಷನ್‌ನಿಂದ ಒಬ್ಬನನ್ನ ತರೋದು ಮ್ಯಾನೇಜ್‌ಮೆಂಟ್‌ಗೆ ಸುಲಭ. ಅದಕ್ಕೇ ವಿನೀತ್, ಫನಾಯ್, ಶಿವಶಕ್ತಿ ಥರದವರನ್ನ ಆಡಿಸಿ ಬೆಳೆಸೋದು ಬಿಟ್ಟು ಬೇರೆ ದಾರಿ ಇಲ್ಲ ಅಂತೀನಿ. ಜಮ್ಶೆಡ್‌ಪುರ ನೋಡಿ, ಖಾಲಿದ್ ಜಮೀಲ್ ದೊಡ್ಡ ಹೆಸರುಗಳೇ ಇಲ್ಲದೆ ಸೆಮಿಫೈನಲ್ ತನಕ ಎಳ್ಕೊಂಡು ಬಂದ್ರು. ನಾರ್ತ್‌ಈಸ್ಟ್ ಡ್ಯುರಾಂಡ್ ಗೆಲ್ತು.

ಆಸ್ಟಿನ್‌ಟೌನ್_ಲೆಫ್ಟಿ

ನಾರ್ತ್‌ಈಸ್ಟ್ ಉದಾಹರಣೆ ನಿನ್ನ ಕಾಲಿಗೇ ಸುತ್ಕೊಳ್ಳುತ್ತೆ ವಾಸಿ. ಅವರ ಗೋಲೆಲ್ಲ ಹೊಡೆದಿದ್ದು ಅಜಾರೈ. ಒಬ್ಬನೇ 23. ಫಾರಿನ್ ಸ್ಟ್ರೈಕರ್ರೇ ಅಲ್ವಾ ಗುರು? ನಾವೇ 2017-18ರಲ್ಲಿ ಫಾರಿನ್ ಸ್ಟ್ರೈಕರ್ ಮಿಕು ಇಟ್ಕೊಂಡು ಲೀಗ್ ಟಾಪ್ ಮಾಡಿದ್ವಿ. ಆಗ ಚೆಟ್ರಿ ಎಡಗಡೆಯಿಂದ ಒಳಗೆ ಬರ್ತಾ ಮಿಕು ಜೊತೆ ಆಡಿ ಆಡಿ ಗೋಲ್ ಹೊಡೀತಿದ್ರು. ಒಳ್ಳೆ ಫಾರಿನ್ ಸ್ಟ್ರೈಕರ್ ಪಕ್ಕದಲ್ಲಿದ್ರೆ ನಮ್ಮ ಹುಡುಗ ಕಲೀತಾನೆ, ಹಾಳಾಗಲ್ಲ.

ವೆಸ್ಟ್‌ಬ್ಲಾಕ್_ವಾಸಿ

ಅಜಾರೈ ಥರದವನು ಸಿಕ್ರೆ ನಾನೇ ಏರ್‌ಪೋರ್ಟ್‌ಗೆ ಹಾರ ತಗೊಂಡು ಹೋಗ್ತೀನಿ. ಸಿಗೋದು ಯಾವಾಗಲೂ ಕರ್ಟಿಸ್ ಮೇನ್.

ಕುಡ್ಲ_ಕೀಪರ್

ನೀವು ಯಾರನ್ನು ತರುದು, ಯಾರನ್ನು ಬಿಡುದು ಅಂತ ಇಷ್ಟು ಜಗಳ ಆಡ್ತಿದ್ದೀರಿ, ಲೀಗ್ ಯಾವಾಗ ಶುರುವಾಗ್ತದೆ ಅಂತ ಯಾರಿಗಾದ್ರೂ ಗೊತ್ತುಂಟಾ? ಫುಟ್‌ಬಾಲ್ ಫೆಡರೇಶನ್ ಮತ್ತೆ ಲೀಗ್ ನಡೆಸುವ ಕಂಪನಿಯ ಹದಿನೈದು ವರ್ಷದ ಒಪ್ಪಂದ ಈ 2025ರ ಡಿಸೆಂಬರ್‌ಗೆ ಮುಗೀತದೆ. ಫೆಡರೇಶನ್ನಿನ ಸಂವಿಧಾನದ ಕೇಸು ಸುಪ್ರೀಂ ಕೋರ್ಟಲ್ಲಿ ಉಂಟು, ಅದು ತೀರ್ಮಾನ ಆಗುವವರೆಗೆ ಹೊಸ ಒಪ್ಪಂದದ ಮಾತಿಲ್ಲ. ಸೀಸನ್ ಅರ್ಧದಲ್ಲಿ ಒಪ್ಪಂದ ಮುಗಿಯುವ ಲೀಗಿಗೆ ಪ್ರಾಯೋಜಕರು ಎಲ್ಲಿಂದ ಬರಬೇಕು?

ನಾನು ಕ್ಲಬ್ಬಿನ ಜಾಗದಲ್ಲಿ ಇದ್ರೆ ಯಾವ ವಿದೇಶಿಗೂ ಎರಡು ವರ್ಷದ ಗುತ್ತಿಗೆ ಕೊಡುದಿಲ್ಲ. ಭಾರತೀಯ ಹುಡುಗರಿಗೆ ಮಾತ್ರ ಉದ್ದದ ಗುತ್ತಿಗೆ ಈಗಲೇ ಬರೆಸಿಕೊಳ್ತೇನೆ. ಸುರೇಶ್‌ನದ್ದು ಮೊದಲು.

ಲೆಕ್ಕದ_ಮೇಷ್ಟ್ರು

ಕೀಪರ್ ಅವರು ಎತ್ತಿದ್ದು ಈ ಚರ್ಚೆಯ ಅತಿ ಮುಖ್ಯವಾದ ಅಂಶ. ಅದರಿಂದ ವಾಸಿ ಅವರ ಪ್ಲಾನಿಗೇ ಪೆಟ್ಟು ಬೀಳುತ್ತದೆ. ಮೂವತ್ತರ ಒಳಗಿನ ಒಳ್ಳೆಯ ವಿದೇಶಿ ಆಟಗಾರ ಇಲ್ಲಿಗೆ ಬರಬೇಕಾದರೆ ಎರಡು ವರ್ಷದ ಭರವಸೆ ಕೇಳುತ್ತಾನೆ, ಅವನ ಮುಂದೆ ಇನ್ನೂ ವೃತ್ತಿಜೀವನ ಇದೆ. ಒಂದೇ ವರ್ಷದ ಗುತ್ತಿಗೆಗೆ ಒಪ್ಪಿ ಬರುವವನು ಮೂವತ್ನಾಲ್ಕರವನು. ಅಂದರೆ ಲೀಗಿನ ಅನಿಶ್ಚಿತತೆಯೇ ನಮ್ಮನ್ನು ಮತ್ತೆ ವಯಸ್ಸಾದ ಆಟಗಾರರ ಕಡೆಗೆ ತಳ್ಳುತ್ತದೆ.

ಈ ಪರಿಸ್ಥಿತಿಯಲ್ಲಿ ನಾನಾದರೆ ಆರು ಜಾಗವನ್ನೂ ತುಂಬುವುದಿಲ್ಲ. ನಾಲ್ವರು ಸಾಕು: ವಿಲಿಯಮ್ಸ್, ಮೆಂಡೆಸ್, ಹೊಸ ಸ್ಟಾಪರ್, ಹೊಸ ಮಿಡ್‌ಫೀಲ್ಡರ್. ಉಳಿದ ದುಡ್ಡು ಆಶಿಕ್‌ಗೆ, ಸುರೇಶ್ ಗುತ್ತಿಗೆಗೆ. ಒಬ್ಬ ವಿದೇಶಿಗೆ ಗಾಯವಾದರೆ ಆ ಜಾಗಕ್ಕೆ ಭಾರತೀಯ ಹುಡುಗನೇ ಇಳಿಯಬೇಕು, ಕೋಚ್‌ಗೆ ಬೇರೆ ಆಯ್ಕೆಯೇ ಇರಬಾರದು.

ಹುಬ್ಬಳ್ಳಿ_ಹಾಫ್‌ಬ್ಯಾಕ್

ಮೇಷ್ಟ್ರ, ಇದು ಛಲೋ ಐತಿ. ಬೆಂಚಿನ್ಯಾಗ ಫಾರಿನರ್ ಇದ್ರ ಯಾವ ಕೋಚೂ ಹುಡುಗೂರನ್ನ ಇಳಸೂದಿಲ್ಲ.

ಆಸ್ಟಿನ್‌ಟೌನ್_ಲೆಫ್ಟಿ

ಕೇಳೋಕೆ ಚೆನ್ನಾಗಿದೆ. ನವೆಂಬರ್‌ನಲ್ಲಿ ಇಬ್ಬರಿಗೆ ಹ್ಯಾಮ್‌ಸ್ಟ್ರಿಂಗ್ ಹೋಗಿ, ಸಾಲಾಗಿ ಮೂರು ಮ್ಯಾಚ್ ಸೋತಾಗ ಇದೇ ನಾಲ್ಕು ಜನರ ಪ್ಲಾನಿಗೆ ಇಲ್ಲಿ ಯಾರ್ಯಾರು ನಿಲ್ತೀರಿ ನೋಡ್ತೀನಿ. ನಾನು ಐದು ಅಂತೀನಿ. ಐದನೆಯವನು ಸ್ಟ್ರೈಕರ್.

ನಂಬರ್_ಹನ್ನೊಂದು

ಐದನೆಯವನು ಸ್ಟ್ರೈಕರ್ ಆದ್ರೆ ಬಾಸ್ ಎಲ್ಲಿ ಆಡ್ತಾರೆ?

ಆಸ್ಟಿನ್‌ಟೌನ್_ಲೆಫ್ಟಿ

ಮೇಷ್ಟ್ರು ಮೇಲೆ ಅಷ್ಟುದ್ದ ಬರೆದಿದ್ದು ಓದ್ಲಿಲ್ವಾ ಮಗಾ? ಅರವತ್ತನೇ ನಿಮಿಷಕ್ಕೆ.

ನಂಬರ್_ಹನ್ನೊಂದು

ಓದಿದೆ. ಐವತ್ತಕ್ಕೆ ಇಳಿಸಿ.